ಹಗಲು ಮನೆಯಲ್ಲಿರುವವನು

ಹಳಿಯ ಮೇಲೆ ನೀರು ನಿಂತಿದೆ ಎಂದು ನಮ್ಮ ಸಂಜೆಯ ರೈಲು ಎರಡು ಸ್ಟೇಷನ್ನುಗಳ ನಡುವೆ ನಿಂತು ಗಂಟೆಯ ಮೇಲಾಗಿತ್ತು. ಕಿಟಕಿ ಇಳಿಸಿದ್ದರೂ ಮಳೆಯ ಎರಚಲು ಒಳಗೆ ಬರುತ್ತಿತ್ತು. ಬೋಗಿಯಲ್ಲಿ ಉರಿಯುತ್ತಿದ್ದದ್ದು ಒಂದೇ ದೀಪ, ಅದರ ಕೆಳಗೆ ಗಾಜಿನ ತಾತ ಕೂತಿದ್ದರು. ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು, ಅದಕ್ಕೇ ಆ ಹೆಸರು. ದಿನವೂ ಹಳ್ಳಿಯಿಂದ ಪೇಟೆಗೆ ಹೋಗಿಬರುವ ನಾವು ಏಳೆಂಟು ಮಂದಿ ಬೆಳಕಿದ್ದ ಕಡೆ ಸರಿದು ಅವರ ಸುತ್ತ ಕೂತೆವು. ನಮ್ಮ ಗುಂಪಿನ ಟೈಪಿಸ್ಟ್ ಅಕ್ಕ, "ಪೇಟೇಲಿ ಮನೆ ಇರೋರೇ ಪುಣ್ಯವಂತರು ಬಿಡಿ, ಇಷ್ಟೊತ್ತಿಗೆ ಊಟ ಮುಗಿಸಿರ್ತಾರೆ" ಎಂದು ಗೊಣಗಿದರು. ತಾತ ತಲೆ ಎತ್ತಿದರು.

"ಹಂಗೆ ಕರುಬಬೇಡಮ್ಮಾ... ಕರುಬಿದೋನು ಏನಾದ ಅಂತ ಹೇಳ್ತೀನಿ, ಕೇಳು. ರೈಲೇನೂ ಈಗಲೇ ಹೊರಡೋ ಹಂಗೆ ಕಾಣಲ್ಲ.

"ನಾನೂ ಪೇಟೇಲಿ ಇದ್ದೋನೇ. ಕಾರ್ಖಾನೆ ಹಿಂದಿನ ಓಣೀಲಿ, ಮೂರನೇ ಮಹಡೀಲಿ, ಒಂದೇ ಒಂದು ರೂಮು. ಕಿಟಕಿ ತೆಗೆದ್ರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದ್ರೆ ಸಿಗೋದು. ನನ್ನ ಹೆಂಡತಿ ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಾಕ್ಕೊಂಡು ಅಡುಗೆ ಮಾಡೋಳು, ಮುಖ ಊದಿಸಿಕೊಂಡು... ಇತ್ತ ಕಾರ್ಖಾನೇಲಿ ನನ್ನ ಪಕ್ಕದ ಚಕ್ರದಲ್ಲಿ ಗಾಜು ಉಜ್ಜೋನು ಹಿತ್ತಲಯ್ಯ. ಹೆಸರು ನಾವಿಟ್ಟಿದ್ದು. ಹಳ್ಳೀಲಿ ಮನೆ ಮಾಡಿದ್ದ, ರೈಲಲ್ಲಿ ಎರಡೂವರೆ ಗಂಟೆ ದಾರಿ. ಬಾಯಿ ತೆಗೆದ್ರೆ ಹಿತ್ತಲು! ಹತ್ತು ಗಂಟೆಗೆ ಜಗುಲಿ ಮೇಲೆ ಬಿಸಿಲು ಬರುತ್ತಂತೆ, ಬಾವಿಕಟ್ಟೆ ಮೇಲೆ ಬೆಕ್ಕು ಮಲಗುತ್ತಂತೆ, ನಾಲ್ಕು ಗಂಟೆಗೆ ಗಂಡ-ಹೆಂಡತಿ ಇಬ್ಬರ ಕುರ್ಚಿಗೂ ನೆರಳು ಬರುತ್ತಂತೆ... ಕೇಳಿ ಕೇಳಿ ನನ್ನ ಹೊಟ್ಟೆ ಉರಿದು ಬೂದಿಯಾಗೋದು. ಅವನಿಗೆ ಏನಾದ್ರೂ ಆಗಲಿ ಅಂತ ಅಲ್ಲ... ಸುಳ್ಳು ಯಾಕೆ ಹೇಳಲಿ, ಏನಾದ್ರೂ ಆಗಲಿ ಅಂತಲೇ.

"ಒಂದು ದಿನ ದೊಡ್ಡ ಆರ್ಡರ್ ಮುಗೀತು. ಮೇಸ್ತ್ರಿ ಬಂದು, ಇಬ್ಬರಲ್ಲಿ ಒಬ್ಬರು ಮಧ್ಯಾಹ್ನವೇ ಮನೆಗೆ ಹೋಗಿ, ನೀವೇ ಮಾತಾಡ್ಕೊಳ್ಳಿ ಅಂದ. ನಮ್ಮಲ್ಲಿ ಒಬ್ಬ ಹೋದ್ರೆ ಜೊತೆಯೋನು ಎರಡೂ ಚಕ್ರ ನೋಡ್ಕೋಬೇಕು, ಹಂಗಿತ್ತು ಪದ್ಧತಿ. ಹಿತ್ತಲಯ್ಯ ನನ್ನ ಕೈ ಹಿಡ್ಕೊಂಡ. 'ಅಣ್ಣಾ, ನನಗೆ ಬಿಟ್ಟುಕೊಡು. ಆ ಮನೆ ಸೇರಿ ಆರು ವರ್ಷ ಆಯ್ತು, ಒಂದು ದಿನಾನೂ ಹಗಲಲ್ಲಿ ನೋಡಿಲ್ಲ. ನಿನಗೆ ಹೇಳೋದೆಲ್ಲ ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಹೇಳಿದ್ದು' ಅಂದ. ಭಾನುವಾರ ಇರಲಿಲ್ವಾ ಅಂತೀರಾ? ಆಗ ನಮಗೆ ಭಾನುವಾರ ಅಂದ್ರೆ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ, ಅಷ್ಟೇ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ ಸೇರೋ ಬಾಳು ಅವನದು.

"ಕನಿಕರ ಬರಬೇಕಿತ್ತು ತಾನೇ? ನನಗೆ ಖುಷಿಯಾಯ್ತು. ಓಹೋ, ಇವನ ಬಂಡವಾಳ ಇಷ್ಟೇನಾ ಅಂತ! 'ನನಗೂ ಕೆಲಸ ಇದೆಯಪ್ಪಾ' ಅಂದು ಹೊರಟುಬಿಟ್ಟೆ. ಎಂಥ ಕೆಲಸ? ರೂಮಿಗೆ ಹೋಗಿ ಆ ಗೋಡೆ ನೋಡ್ಕೊಂಡು ಸಂಜೆತನಕ ಬಿದ್ದಿದ್ದೆ.

"ಅವತ್ತು ರಾತ್ರಿ ಅವನು ರೈಲಿನಲ್ಲೇ ಹೋಗಿಬಿಟ್ಟ. ಎದೆಬಡಿತ ನಿಂತಿತ್ತು. ಪಾಪ, ನಿದ್ದೆ ಮಾಡ್ತಿದ್ದಾನೆ ಅಂತ ಯಾರೂ ಮುಟ್ಟಲಿಲ್ಲ... ನಮ್ಮ ರೈಲಿನೋರ ಮರ್ಯಾದೆ ನಿಮಗೆ ಗೊತ್ತಲ್ಲ. ಆ ರೈಲು ಕೊನೇ ಸ್ಟೇಷನ್ನಿಗೆ ಹೋಗಿ ಪೇಟೆಗೆ ಬಂತು, ಮತ್ತೆ ಹೋಗಿ ಮತ್ತೆ ಬಂತು. ಬೆಳಗ್ಗೆ ಬೋಗಿ ಗುಡಿಸೋಳು ನೋಡಿದ್ಲು. ಅಷ್ಟರಲ್ಲಿ ಅವನ ಊರು ನಾಲ್ಕು ಸಲ ಕಿಟಕಿ ಮುಂದೆ ಹಾದುಹೋಗಿತ್ತು.

"ಮೂರು ತಿಂಗಳಾದ ಮೇಲೆ ಅವನ ಹೆಂಡತಿ ಅಣ್ಣನ ಮನೆಗೆ ಹೋಗ್ತೀನಿ, ಈ ಮನೆ ಬಾಡಿಗೆಗೆ ಕೊಡ್ತೀನಿ ಅಂದ್ರು. ನನಗೆ ನಾಚಿಕೆ ಆಗಬೇಡ್ವಾ? ಬಿದ್ದಂಬೀಳ ಓಡಿಹೋಗಿ ಹಿಡಿದೆ. ಅವನ ಮನೆ, ಅವನ ಕುರ್ಚಿ, ಅವನದೇ ರೈಲು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋದೂ ನನ್ನದೇ ಆಯ್ತು. ಆದ್ರೆ ನನ್ನ ಹೆಂಡತಿ ಅರಳಿಬಿಟ್ಲು ಕಣ್ರಪ್ಪಾ! ರಾತ್ರಿ ಬಡಿಸೋವಾಗ, 'ಮಧ್ಯಾಹ್ನ ಎಷ್ಟು ನಗಿಸಿದ್ರಿ', 'ಬಟಾಣಿ ಎಲ್ಲಾ ನೀವೇ ಸುಲಿದುಕೊಟ್ರಲ್ಲ' ಅನ್ನೋಳು. ನಾನು ಎಲ್ಲಿದ್ದೆ ಮಧ್ಯಾಹ್ನ? ಚಕ್ರದ ಮುಂದೆ! ತಮಾಷೆ ಮಾಡ್ತಾಳೆ ಅಂದ್ಕೊಂಡೆ... ಆಮೇಲೆ ಯಾವನೋ ಬರ್ತಾನೆ ಅಂದ್ಕೊಂಡೆ. ಹೇಳದೆ ಕೇಳದೆ ಒಂದು ದಿನ ರಜಾ ಹಾಕಿ, ಹಿತ್ತಲ ಕೊಟ್ಟಿಗೇಲಿ ಬಚ್ಚಿಟ್ಟುಕೊಂಡು ಕೂತೆ.

"ಹತ್ತು ಗಂಟೆ. ಜಗುಲಿ ಮೇಲೆ ಬಿಸಿಲು ಬಂತು, ಅವನು ಹೇಳ್ತಿದ್ದ ಹಂಗೇ. ಕುರ್ಚೀಲಿ ಒಬ್ಬ ಕೂತಿದ್ದ, ಬೆನ್ನು ಈ ಕಡೆ. ಇವಳು ಎರಡು ಲೋಟ ಟೀ ತಂದು ಒಂದನ್ನ ಅವನ ಕೈಗೆ ಕೊಟ್ಲು. ನಾನು ಕಿರುಚಿಕೊಂಡು ಹೋಗಿ ಅವಳೆದುರು ನಿಂತೆ... ಅವಳಿಗೆ ನಾನು ಕಾಣಲಿಲ್ಲ. ಗಾಳಿ ಬೀಸ್ತು ಅನ್ನೋ ಹಂಗೆ ಸೆರಗು ಹೊದ್ದುಕೊಂಡ್ಲು. ಅವನು ಮಾತ್ರ ತಿರುಗಿ ನೋಡಿದ. ಹಿತ್ತಲಯ್ಯ. ಮುಖದಲ್ಲಿ ಕೋಪ ಅನ್ನೋದೇ ಇಲ್ಲ. ಮೆಲ್ಲಗೆ ಕೇಳಿದ, 'ಯಾಕಣ್ಣಾ, ನೀನು ಡ್ಯೂಟಿಗೆ ಹೋಗಲ್ವಾ?'

"ಅವತ್ತಿಂದ ಒಂದು ದಿನ ರಜಾ ಹಾಕಿಲ್ಲ. ಈ ಮನೆ ಬಿಡೋಣ ಅಂದ್ರೆ ಅವಳು ಅಳ್ತಾಳೆ. 'ಹಗಲೆಲ್ಲ ಇಷ್ಟು ಚೆನ್ನಾಗಿ ಮಾತಾಡ್ತೀರಿ, ಕತ್ತಲಾದ್ರೆ ಯಾಕೆ ಹಿಂಗೆ ಸಿಡುಕ್ತೀರಿ?' ಅಂತಾಳೆ. ರಿಟೈರ್ ಆಗಿ ಹನ್ನೊಂದು ವರ್ಷ ಆಯ್ತು. ಈಗಲೂ ಬೆಳಕು ಹರಿಯೋ ಮುಂಚೆ ಹೊರಟು ಪೇಟೆ ಪಾರ್ಕಿನ ಬೆಂಚಲ್ಲಿ ಕೂತಿರ್ತೀನಿ. ಅವಳು ದೀಪ ಹಾಕೋ ಹೊತ್ತಿಗೆ ಅವನು ಎದ್ದು ಹೋಗ್ತಾನೆ, ಆಮೇಲೆ ನಾನು ಒಳಗೆ ಹೋಗ್ತೀನಿ. ಅವಳ ನಗು ಅವನಿಗೆ, ಆಕಳಿಕೆ ನನಗೆ. ಸತ್ತೋನ ಮೇಲೆ ಹೊಟ್ಟೆಕಿಚ್ಚು ಪಡೋ ಗಂಡ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು. ಆದ್ರೂ ರಾತ್ರಿ ಊಟ ನಂದು. ಅದೊಂದು ಉಳಿಸಿಕೊಂಡಿದ್ದೀನಿ. ಇಷ್ಟು ವರ್ಷದಲ್ಲಿ ಒಂದು ದಿನಾನೂ ಆ ಹೊತ್ತು ತಪ್ಪಿಸಿಲ್ಲ..."

ತಾತ ಕಿಟಕಿಯ ಕಡೆ ನೋಡಿದರು. ಹೊರಗೆ ಪೂರ್ತಿ ಕತ್ತಲೆ. ನಮಗೆಲ್ಲ ಒಟ್ಟಿಗೆ ಭಯವಾಯಿತು. ಟೈಪಿಸ್ಟ್ ಅಕ್ಕ ತಮ್ಮ ಫೋನನ್ನು ಅವರ ಕೈಗೆ ತುರುಕಿ, "ತಾತ, ತಡವಾಗುತ್ತೆ ಅಂತ ಮನೆಗೆ ಹೇಳಿಬಿಡಿ" ಎಂದರು. ತಾತ ನಂಬರು ಒತ್ತಿದರು. ಬೋಗಿ ಅಷ್ಟು ನಿಶ್ಶಬ್ದವಾಗಿತ್ತು, ಆ ಕಡೆಯ ಮಾತು ನಮಗೂ ಕೇಳಿಸಿತು.

"ನಾನು ಕಣೇ... ರೈಲು ನಿಂತುಬಿಟ್ಟಿದೆ."

"ಯಾರಪ್ಪಾ ನೀನು? ಯಾರು ಬೇಕಿತ್ತು?" ವಯಸ್ಸಾದ ಹೆಂಗಸಿನ ದನಿ, ನಗುನಗುತ್ತಲೇ ಇತ್ತು. "ನಮ್ಮ ಯಜಮಾನ್ರಾ? ಈಗ ತಾನೇ ಊಟಕ್ಕೆ ಕೂತ್ರು. ತಾಳಪ್ಪಾ, ಅವರಿಗೇ ಕೊಡ್ತೀನಿ."

ತಾತ ಫೋನನ್ನು ಕಿವಿಗೆ ಒತ್ತಿ ಹಿಡಿದರು. ಆಮೇಲೆ ನಮ್ಮ ಕಡೆ ತಿರುಗಿ ಹೇಳಿದರು:

"ಮಾತಾಡ್ತಿಲ್ಲ... ನನ್ನ ತಟ್ಟೇಲಿ ಉಣ್ತಿದ್ದಾನೆ ಕಣ್ರಪ್ಪಾ. ಅಗಿಯೋ ಸದ್ದು ಕೇಳಿಸ್ತಿದೆ."