ಗರುಡನ ಪಟ ಮತ್ತು ನನ್ನ ಎರಡು ಕೈ

ವೇದಿಕೆಯ ಅಧ್ಯಕ್ಷರಾದ ದಾಸಪ್ಪನವರೇ, ಇಂದು ಸನ್ಮಾನ ಸ್ವೀಕರಿಸಲಿರುವ ಮಿತ್ರ ಮುರಳಿಕೃಷ್ಣ ಅವರೇ, ಆಲಸನತ್ತಂ ಪಕ್ಷಿಪ್ರಿಯರ ಸಂಘದ ಸದಸ್ಯರೇ, ಫ್ಯಾನಿನ ಕೆಳಗೆ ಜಾಗ ಸಿಗದಿದ್ದರೂ ಮುಖ ಗಂಟಿಕ್ಕದೆ ಕುಳಿತಿರುವ ಸಭಿಕರೇ,

ಮೊದಲ ಬಹುಮಾನ ಪಡೆದ ಗರುಡನ ಪಟವನ್ನು ಮುರಳಿಯವರು ಹೇಗೆ ಹಿಡಿದರು ಎಂಬ ಬಗ್ಗೆ ಎರಡು ಮಾತು ಆಡಬೇಕೆಂದು ಅಧ್ಯಕ್ಷರ ಅಪ್ಪಣೆ. ಜೀಪಿನಲ್ಲಿ ಅವರ ಪಕ್ಕ ಕುಳಿತಿದ್ದವನು ಈ ಕೆಂಪರಾಜು. ಎರಡೇ ಮಾತು ಎಂದರು. ಪಾಪ, ಅವರಿಗೆ ನನ್ನ ಪರಿಚಯ ಹೊಸದು.

ಎರಡು ತಿಂಗಳ ಹಿಂದೆ ಕಾವೇರಿ ದಡದ ಕಾಡಿಗೆ ಹೋದೆವು. ದೊಡ್ಡ ಹಕ್ಕಿಗಳದ್ದೇ ಫೋಟೋ ಸ್ಪರ್ಧೆ. ನನಗೆ ಮೊದಲು ಸಿಕ್ಕಿದ್ದು ಕೊಕ್ಕರೆ. ಪಟದಲ್ಲಿ ಕಾಲು ಎರಡೂ ಬಂದವು, ಮೇಲಿನ ಕೊಕ್ಕರೆ ಬರಲಿಲ್ಲ. ಆಮೇಲೆ ಹೆಜ್ಜಾರ್ಲೆ. ಅದರ ಕೊಕ್ಕು ಮಾತ್ರ ಬಂತು. ಎರಡನ್ನೂ ಅಂಟಿಸಿದರೆ ಒಂದು ಹಕ್ಕಿ ಆದೀತು ಎಂದು ಮುರಳಿಯವರು ಸಮಾಧಾನ ಹೇಳಿದರು.

ಆದರೆ ನನಗೆ ಬೇಕಾಗಿದ್ದದ್ದು ಗರುಡ. ಯಾಕೆ? ತಳಿ ಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ನಮ್ಮಮ್ಮ ರಾಮಲಕ್ಷ್ಮಮ್ಮ ಇದ್ದಾಳೆ. ದೂರದ್ದು ಅವಳಿಗೆ ಮಂಜು ಮಂಜು. "ಆಕಾಶದಾಗೆ ಗರುಡ ಬಂದ್ರೂ ಕಾಣಾಕಿಲ್ಲ ಕಣ್ಲಾ ಕೆಂಪ. ನಿನ್ ಫೋಟೋ ಡಬ್ಬದಾಗೆ ದೊಡ್ಡದಾಗಿ ಹಿಡ್ಕಂಡ್ ಬಾ" ಎಂದಿದ್ದಳು. "ತತ್ತೀನಿ ಬುಡಮ್ಮ" ಎಂದು ಮಾತು ಕೊಟ್ಟುಬಿಟ್ಟಿದ್ದೆ.

ಗರುಡ ಬಂದ. ನಮ್ಮ ಮನೆಯಲ್ಲಿ ಗರುಡ ಕಂಡರೆ ಕೈ ಮುಗಿದು, ಕೆನ್ನೆ ಬಡಿದುಕೊಂಡು, ಗೋವಿಂದ ಎನ್ನಬೇಕು. ಅದು ನಡೆಯಲು ಕಲಿಯುವ ಮುಂಚೆಯೇ ಕಲಿತದ್ದು. ಕೈ ನನ್ನನ್ನು ಕೇಳುತ್ತದೆಯೇ? ಅರಣ್ಯದ ಕಾವಲುಗಾರ ತಮಿಳಿನಲ್ಲಿ "ಎಡುಂಗ ಸಾರ್, ಎಡುಂಗ" ಎಂದು ಅವಸರಪಡಿಸುತ್ತಾನೆ. ಏನು ತೆಗೆಯುವುದು? ಕ್ಯಾಮೆರಾ ಹೊಟ್ಟೆಯ ಮೇಲೆ, ಕೈ ಎದೆಯ ಮೇಲೆ, ಗರುಡ ಬೆಟ್ಟದ ಆಚೆ. ಎರಡನೆಯ ಸಲವೂ ಅದೇ ಕಥೆ. ಮೂರನೆಯ ಸಲ ಎರಡೂ ಕೈಯಲ್ಲಿ ಕ್ಯಾಮೆರಾವನ್ನು ಬಿಗಿಯಾಗಿ ಹಿಡಿದೆ. ಗರುಡ ನೆತ್ತಿಯ ಮೇಲೇ ಬಂದ. ನಾನು ಕ್ಯಾಮೆರಾವನ್ನು ನಡುವೆ ಇಟ್ಟುಕೊಂಡೇ ಕೈ ಮುಗಿದೆ. ಆ ಒತ್ತಡಕ್ಕೆ ತಾನಾಗಿ ಕ್ಲಿಕ್ ಆದ ಪಟದಲ್ಲಿ ನನ್ನ ಗದ್ದ ಚೆನ್ನಾಗಿ ಬಂದಿದೆ. ಅಷ್ಟರಲ್ಲಿ ಮುರಳಿಯವರು ತಣ್ಣಗೆ ಗುಂಡಿ ಒತ್ತಿ ಮುಗಿಸಿದ್ದರು.

ಅವರ ಪಟವನ್ನೇ ಕ್ಯಾಲೆಂಡರಿನಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಮ್ಮನಿಗೆ ಕೊಟ್ಟೆ. ನಾನು ಹಿಡಿದದ್ದು ಎಂದು ಹೇಳಿದೆನೇ? ಇಲ್ಲ. ನಾನು ಹಿಡಿದದ್ದಲ್ಲ ಎಂದೂ ಹೇಳಲಿಲ್ಲ. ಅಮ್ಮ ಪಟವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು, ಕಣ್ಣಿಗೊತ್ತಿಕೊಂಡಳು. ಆಮೇಲೆ ಕೇಳಿದಳು: "ಅಲ್ಲ ಕಣ್ಲಾ, ಎರಡು ಕೈಯಾಗೂ ಡಬ್ಬ ಹಿಡ್ದಿದ್ರೆ, ಸ್ವಾಮಿಗೆ ಕೈ ಯಾವಾಗ ಮುಗ್ದೆ?"

ಸಭಿಕರೇ, ಜೂಜುವಾಡಿ ರಸ್ತೆಯಲ್ಲಿ ಕೆಟ್ಟ ಲಾರಿಯ ಹಾಗೆ ನಿಂತುಬಿಟ್ಟೆ. ಕೈ ಮುಗಿದೆ ಎಂದರೆ ಪಟ ನನ್ನದಲ್ಲ. "ಮುಗೀಲಿಲ್ಲಮ್ಮ" ಎಂದೆ. "ಆಯ್ತು ಬುಡು" ಎಂದು ಒಳಗೆ ಹೋದಳು.

ಹದಿನೈದು ದಿನ ಕಳೆದ ಮೇಲೆ ತಮ್ಮನ ಹೆಂಡತಿ ಶಾಂತಿ ಫೋನ್ ಮಾಡಿದಳು. "ಭಾವ, ಅತ್ತೆ ಶನಿವಾರ ಒಂದಗ್ಳೂ ಮುಟ್ತಿಲ್ಲ. ನೀವ್ ಕೈ ಮುಗೀದೆ ಇದ್ದ ತಪ್ಪನ್ನ ತಾನ್ ಕಳೀತೀನಿ ಅಂತವ್ರೆ." ಎಪ್ಪತ್ತೆಂಟು ವರ್ಷದ ಜೀವ. ಅಂದೇ ಹೋಗಿ ನಿಜ ಹೇಳಬೇಕಾಗಿತ್ತು. ಹೇಳಲಿಲ್ಲ. ತನ್ನ ಮಗ ಹಿಡಿದದ್ದು ಎಂದು ಅಮ್ಮ ಆಗಲೇ ಊರಿಗೆಲ್ಲ ಪಟ ತೋರಿಸಿಬಿಟ್ಟಿದ್ದಳು. ನನಗೆ ನಾಚಿಕೆಯಾಯಿತು. ಈವರೆಗೆ ಆರು ಶನಿವಾರ ಕಳೆದಿವೆ.

ಇವತ್ತು ಏಳನೆಯದು. ಶಾಲು ನನಗೇ ಹೊದಿಸುತ್ತಾರೆ ಎಂದುಕೊಂಡು ಅಮ್ಮ ಬೆಳಗಿನ ಬಸ್ಸಿಗೇ ಬಂದು, ಎರಡನೆಯ ಸಾಲಿನಲ್ಲಿ, ಹಸಿದ ಹೊಟ್ಟೆಯಲ್ಲಿ ಕುಳಿತಿದ್ದಾಳೆ.

ಅಧ್ಯಕ್ಷರು ಕ್ಷಮಿಸಬೇಕು, ಇದು ಸಭೆಗೆ ಆಡುವ ಮಾತಲ್ಲ. ಅಮ್ಮ, ಆ ಪಟ ಮುರಳಿಯವ್ರುದು. ಶಾಲೂ ಅವ್ರುದೇ. ನಾನ್ ಸುಳ್ಳು ಹೇಳ್ಬುಟ್ಟೆ. ಸ್ವಾಮಿ ಮೂರು ಸಲ ಬಂದ, ಮೂರು ಸಲಾನೂ ಕೈ ಮುಗ್ದೆ ಕಣಮ್ಮ. ನಿನ್ ಮಗ ಫೋಟೋ ಹಿಡಿಯಾಕ್ ಬರ್ದೋನು, ಅಷ್ಟೇಯ. ತಪ್ಪು ಮಾಡಿದ್ದು ಸ್ವಾಮಿಗಲ್ಲ, ನಿಂಗೆ. ಅದ್ಕೆ ನೀನ್ ಉಪವಾಸ ಇರ್ಬೇಡ. ಏಳು, ಉಣ್ಣು ನಡಿ.

ಮುರಳಿಯವರಿಗೆ ಅಭಿನಂದನೆ. ಕೇಳಿಸಿಕೊಂಡ ನಿಮಗೆಲ್ಲ ವಂದನೆ. ಅಡುಗೆಯವರೇ, ದಯವಿಟ್ಟು ಮೊದಲ ಎಲೆ ನಮ್ಮಮ್ಮನಿಗೆ ಹಾಕಿ. ನಮಸ್ಕಾರ.