ಹೊಡೆದುಹಾಕಿದ ಉತ್ತರ

ಯುದ್ಧದ ಕಾಲ. ಜಗಳೂರಿನಲ್ಲಿ ಬಸ್ಸು ನಿಲ್ಲುವ ಕಡೆ ಮಜ್ಜಿಗೆ ಮಾರುವ ಕರಿಯಕ್ಕನ ಪಕ್ಕದಲ್ಲೇ ಗಾದ್ರಪ್ಪನೂ ಅವನ ಮಗನಿಗೆ ಲೆಕ್ಕ ಕಲಿಸಿದ ಮೇಷ್ಟ್ರೂ ಕೂತಿದ್ದರು. ಮಗ ಬರ್ಮಾದಲ್ಲಿ ತೀರಿಕೊಂಡನೆಂದು ತಂತಿ ಬಂದು ಎಂಟು ದಿನವಾಗಿತ್ತು. ಬೇಡವೆಂದರೂ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಪಾಸಾಗಿದ್ರೆ ಮಿಲಿಟರಿಗೆ ಹೋಗ್ತಿರ್ಲಿಲ್ಲ. ಎಲ್ಲಿ ತಪ್ಪಿದ್ದ, ಮೇಷ್ಟ್ರೇ?”

“ತ್ರಿಕೋನಮಿತಿ ಲೆಕ್ಕದಾಗೆ. ಪರೀಕ್ಷೆ ಬರೆದು ಬಂದು, ಹೆಂಗೆ ಮಾಡಿದ್ದೆ ಅಂತ ತೋರಿಸಿದ. ಸಮೀಕರಣದ ಎರಡೂ ಕಡೆ ಸೈನ್ ಎಕ್ಸ್ ಇತ್ತು, ಎರಡನ್ನೂ ಹೊಡೆದುಹಾಕಿದ್ದ.”

“ಹೊಡೀಬಾರ್ದೇನ್ರಿ?”

“ಅದು ಸೊನ್ನೆನೂ ಆಗಬಹುದು. ಸೊನ್ನೆ ಆದಾಗ ಬರೋದೂ ಒಂದು ಉತ್ತರ. ಹೊಡೆದ್ರೆ ಆ ಉತ್ತರ ಹೋಗೇಬಿಡ್ತೈತೆ.”

“ಅಷ್ಟಕ್ಕೇ ಫೇಲಾ?”

“ಮೂರು ಮಾರ್ಕು ಕಡಿಮೆ ಬಿದ್ವು.”

“ಓದೋ ಹುಡುಗ. ಯಾಕೆ ಹಂಗೆ ಮಾಡಿದ?”

ಮೇಷ್ಟ್ರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ನಾನೇ ಹಂಗೆ ಹೇಳಿಕೊಟ್ಟಿದ್ದೆ, ಗಾದ್ರಪ್ಪ. ಬೇಗ ಆಗ್ತೈತೆ ಅಂತ.”

ಇದ್ದಿಲಿನಿಂದ ಓಡುವ ಬಸ್ಸು ಹೊಗೆಯಾಡುತ್ತ ಬಂದು ನಿಂತಿತು. ಗಾದ್ರಪ್ಪ ಎದ್ದು ಪಂಚೆ ಕೊಡವಿಕೊಂಡ.

“ಅವನ ಜೊತೆಗೆ ಇನ್ಯಾರ‍್ಯಾರಿಗೆ ಹಂಗೆ ಹೇಳಿಕೊಟ್ಟಿದ್ರಿ?”

ಮೇಷ್ಟ್ರು ಅವನ ಹಿಂದೆ ಬಸ್ಸು ಹತ್ತುತ್ತಲೇ ಒಂದೊಂದೇ ಹೆಸರು ಹೇಳತೊಡಗಿದರು. ಬಸ್ಸು ಹೊರಟು ಅವರ ದನಿ ಕರಿಯಕ್ಕನಿಗೆ ಕೇಳದಂತಾದಾಗಲೂ ಆ ಹೆಸರುಗಳು ಮುಗಿದಿರಲಿಲ್ಲ.