ಹಿಂದಿನ ಸೀಟಿನ ಬಾವ

ಬೇಗೂರಿನಲ್ಲಿ ಸಂಜೆ ಹಿಡಿದ ಸೈಕ್ಲೋನ್ ಮಳೆ ಬಿಟ್ಟಿರಲಿಲ್ಲ. ಗುಂಡ್ಲುಪೇಟೆ ಬಸ್ಸಿಗೆ ಕಾದು ಸಾಕಾಗಿ ನಾವು ಮೂವರು ಸೋಮಮ್ಮನ ಟೀ ಅಂಗಡಿಯ ಒಲೆಯ ಪಕ್ಕ ಸರಿದು ಕೂತಿದ್ದೆವು. ಅವಳ ಮಗ ದಿಲೀಪನ ಟ್ಯಾಕ್ಸಿಯಾದರೂ ಸಿಗುತ್ತದೆಯೇ ಎಂದು ಕೇಳಿದೆ. ಮುದುಕಿ ಸೌಟನ್ನು ಪಾತ್ರೆಗೆ ಕುಕ್ಕಿದಳು.

“ಆ ಕಾರು ಬ್ಯಾಡ ಬುಡ್ರಪ್ಪ. ಯಾಕೆ ಅಂತೀರಾ? ಟೀ ಕುಡೀರಿ, ಯೋಳ್ತೀನಿ.

“ನಮ್ಮಕ್ಕನ ಮಗ ಪುಟ್ಟಮಾದು ಅಂತ ಇದ್ದ, ತಬ್ಬಲಿ, ನಮ್ಮನೇಲೇ ಬೆಳ್ದೋನು. ಅವ್ನೂ ದಿಲೀಪನೂ ಕಾರ್ ರ‍್ಯಾಲಿ ಅಂತ ಊರೂರು ಸುತ್ತೋರು. ಇವ್ನು ಸ್ಟೇರಿಂಗ್ ಹಿಡಿಯೋದು, ಅವ್ನು ಪಕ್ಕದಲ್ಲಿ ಕೂತು ಹೆಲ್ಮೆಟ್ಟಿನ ಮೈಕಲ್ಲಿ ಎಡಕ್ಕೆ, ಬಲಕ್ಕೆ ಅಂತ ದಾರಿ ಯೋಳೋದು. ಪುಣಜನೂರು ಕಾಡ್ ರಸ್ತೇಲಿ ಮಂಜು ಕವ್ಕಂಡು ಏನೂ ಕಾಣ್ದಿದ್ರೂ, ಅವ್ನು ಯೋಳಿದ್ ಕಡೀಕೆ ಇವ್ನು ತಿರುಗ್ಸೋನು. ಅಂಥ ಮಾದು ಕಾಮಾಲೆ ಬಂದು ಓಗ್ಬುಟ್ಟ. ಮಣ್ಣಿಗಿಡೋವಾಗ ನನ್ ಮಗ, ‘ನಿನ್ ಸೀಟ್ಗೆ ಯಾರ್ನೂ ಕೂರ್ಸಲ್ಲ ಕಣ್ಲಾ’ ಅಂತ ಮಾತು ಕೊಟ್ಬುಟ್ಟ. ಮಂಗ ನನ್ ಮಗ!

“ಆಮೇಲೆ ಮದ್ವೆ ಆಯ್ತು. ಮಾದಪ್ಪನ ಬೆಟ್ಟಕ್ಕೆ ಓಗುವಾಗ್ಲೂ ಮುಂದಿನ ಸೀಟು ಖಾಲಿ, ಕಟ್ಕಂಡೋಳು ವನಿತಾ ಹಿಂದ್ಗಡೆ! ಹೊಟ್ಟೆ ಉರಿಯಲ್ವಾ? ‘ಬದುಕಿರೋ ಸವತಿ ಆಗಿದ್ರೆ ಜುಟ್ಟು ಹಿಡ್ದು ಎಳೀತಿದ್ದೆ ಅತ್ತೆ, ಸತ್ತೋನ ಜೊತೆ ಎಂಗೆ ಜಗಳಾಡ್ಲಿ?’ ಅಂತ ಅಳೋಳು.

“ಮಾರ್ನಮಿಲಿ ಮಾದುಗೆ ಎಡೆ ಇಟ್ಟೊ. ಸತ್ತೋರ್ಗೆ ಅಂತ ಹೊಸ ಬಟ್ಟೆ ಇಟ್ಟು, ಆಮೇಲೆ ಮನೆಯೋರು ಉಟ್ಕತೀವಲ್ಲ... ಬಟ್ಟೆ ಜೊತೆಗೆ ಅವ್ನ ಮೈಕಿರೋ ಹೆಲ್ಮೆಟ್ಟೂ ಇಟ್ಟಿದ್ದೆ. ಇವ್ಳು ಕೈ ಮುಗ್ದು, ‘ಎಡೆಗಿಟ್ಟಿದ್ದು ಮನೆಯೋರ್ಗೇ ಅಲ್ವಾ?’ ಅಂತ ತಲೆಗೆ ಹಾಕ್ಕಂಡೇ ಬುಟ್ಳು. ಏನನ್ಲಿ? ಪದ್ಧತಿ ಅದೇ. ದಿಲೀಪನೂ ಅವ್ಳನ್ನ ಮುಂದಿನ ಸೀಟ್ಗೆ ಕೂರ್ಸ್ಕಂಡ.

“ಚಳಿಗಾಲಕ್ಕೆ ಇಬ್ರೂ ಹಿಮಾಚಲಕ್ಕೋದ್ರು, ಹಿಮ ಬಿದ್ದಿರೋ ಬೆಟ್ಟದ ರಸ್ತೇಲಿ ರ‍್ಯಾಲಿ. ಒಂದ್ಕಡೆ ಬಂಡೆ, ಒಂದ್ಕಡೆ ಪಾತಾಳ, ಎಲ್ಲಾ ಬೆಳ್ಳಗೆ. ಇವ್ಳು ‘ಬಲಕ್ಕೆ’ ಅಂದ್ಳು. ಅವ್ನು ಎಡಕ್ಕೆ ತಿರುಗ್ಸಿದ! ಚಕ್ರ ಪಾತಾಳದ ಅಂಚ್ಗೆ ಓಗಿ ನಿಂತದೆ. ‘ಬಲಕ್ಕೆ ಅಂದ್ನಲ್ಲ!’ ಅಂದ್ರೆ, ನನ್ ಮಗ, ‘ಮಾದು ಎಡಕ್ಕೆ ಅಂದ’ ಅಂತಾನೆ. ಅವ್ಳ ಮೈಕಿಂದ ಇವ್ನ ಕಿವೀಗೆ ಬಂದಿದ್ದು ಅವ್ನ ದನಿ...

“ಬೇರೆ ಹೆಂಗ್ಸಾಗಿದ್ರೆ ಇಳ್ದು ಓಡೋಗಿರೋಳು. ಇವ್ಳು ಬೆಲ್ಟು ಬಿಗಿ ಮಾಡ್ಕಂಡು, ‘ಬಾವ, ಈ ಸೀಟು ನಂದು. ಸತ್ರೂ ಇಳಿಯಲ್ಲ. ಬೇಕಾದ್ರೆ ನೀನೇ ಹಿಂದೆ ಕೂತ್ಕೊ’ ಅಂದ್ಬುಟ್ಳು. ಅಷ್ಟೆಯ. ಹಿಂದಿನ ಬಾಗ್ಲು ತಂತಾನೇ ತಗ್ಕಂಡು, ಮುಚ್ಕತ್ತು. ಆಮೇಲೆ ಆ ದನಿ ಬರ್ನೇ ಇಲ್ಲ.

“‘ಗೆದ್ಬುಟ್ಟೆ ಅತ್ತೆ’ ಅಂತ ಕುಣ್ಕಂಡು ಬಂದ್ಳು. ಅಷ್ಟು ಹೊಟ್ಟೆಕಿಚ್ಚಿನೋನು ಸೀಟ ಸುಮ್ನೆ ಬುಟ್ಕೊಟ್ಟಾನಾ? ಈಗ ಕೂಸು ಹುಟ್ಟದೆ. ಅದೇ ಕಾರಲ್ಲಿ ಅವ್ಳು ತೊಡೆ ಮ್ಯಾಲೆ ಇಟ್ಕಂಡ್ರೆ ಹಿಂದಕ್ಕೆ ಕೈ ಚಾಚಿ ಕಿರುಚ್ತದೆ, ಹಿಂದೆ ಮಲಗ್ಸಿದ್ರೆ ನಗ್ತದೆ. ಎಂಥಾ ಬ್ರೇಕ್ ಹಾಕಿದ್ರೂ ಉರುಳಲ್ಲ. ಮನೆ ಮುಂದೆ ಎತ್ತಕ್ಕೋದ್ರೆ... ಬರಲ್ಲ. ಅತ್ಲಾಗಿಂದ ಯಾರೋ ಹಿಡ್ಕಂಡಂಗೆ. ‘ಕೊಡು ಬಾವ, ನಿನ್ ಸೀಟು ತಗೊ, ನನ್ ಕೂಸು ಕೊಡು’ ಅಂತ ವನಿತಾ ಅತ್ತು ಬೇಡ್ಕಂಡ್ರೆ ಬುಡ್ತಾನೆ.”

ಮಳೆ ಜೋರಾಯಿತು. ಸೋಮಮ್ಮ ಅಂಗಡಿಯ ಹಿಂಬಾಗಿಲ ಕಡೆ ನೋಡಿದಳು.

“ಮಗ ಸೊಸೆ ಮಧ್ಯಾಹ್ನ ಬಂದೋರು ಇನ್ನೂ ಮನೆ ಮುಂದೆ ಕಾರಲ್ಲೇ ಅವ್ರೆ. ನಾನೂ ಎಳ್ದೂ ಎಳ್ದೂ ಸಾಕಾಗಿ ಬಂದು ಒಲೆ ಮುಂದೆ ಕೂತಿವ್ನಿ. ಅವ್ಳು ಬೇಡ್ಕತಾನೇ ಅವ್ಳೆ, ಕೂಸು ನಗ್ತಾನೇ ಅದೆ... ಇವತ್ತು ಕೊಡ್ತಾ ಇಲ್ಲ ಕಣ್ರಪ್ಪ.”